ಜ್ಞಾನ, ತಿಳುವಳಿಕೆ, ಅನ್ವಯ ಮತ್ತು ನನ್ನ ಸಿಟ್ಟು

ಮಕ್ಕಳ ಆಲೋಚನೆಗೆ ಹಂತಗಳಿವೆ, ಪಾಠವನ್ನು ಅದಕ್ಕೆ ತಕ್ಕಂತೆ ಹೆಣೆಯಬೇಕು ಎಂಬ ಮಾತಿಗೆ ನನ್ನ ತಕರಾರಿಲ್ಲ. ಮೊದಲು ಜ್ಞಾನ, ಅಂದರೆ ನೆನಪಿಟ್ಟು ಹೇಳುವುದು. ಆಮೇಲೆ ತಿಳುವಳಿಕೆ, ಕಲಿತದ್ದನ್ನು ಹೊಸ ಕಡೆ ಬಳಸುವ ಅನ್ವಯ, ಹೀಗೆ ಮೌಲ್ಯಮಾಪನದವರೆಗೆ. ಆದರೆ ವಿಜ್ಞಾನ ಕಲಿಸುತ್ತ ಈ ಚಿಕ್ಕೋಡಿ ಭಾಗದ ಯಾವ ಶಾಲೆಗೆ ಹೋದರೂ ಈ ಹಂತಗಳನ್ನು ಹಿಡಿದು ಯಾರಾದರೊಬ್ಬರು ನನ್ನ ತಲೆ ತಿನ್ನುತ್ತಿದ್ದರು. ಈಗ ನಗು ಬರುತ್ತದೆ. ಆಗ ಮೈ ಉರಿಯುತ್ತಿತ್ತು. ಸುಳ್ಳು ಯಾಕೆ, ಈಗಲೂ ಉರಿಯುತ್ತದೆ.

೧. ಕಾಣದ ತಿಳುವಳಿಕೆ

ಎಂಬತ್ತರ ದಶಕ. ಬಿ.ಎಡ್. ಓದುತ್ತ ಚಿಕ್ಕೋಡಿಯ ಒಂದು ಶಾಲೆಯಲ್ಲಿ ಅಭ್ಯಾಸ ಪಾಠ ಮಾಡುತ್ತಿದ್ದೆ. ಬೀಜ ಮೊಳೆಯುವ ಪಾಠಕ್ಕೆ "ಮಕ್ಕಳು ಅರ್ಥ ಮಾಡಿಕೊಳ್ಳುವರು" ಎಂದು ಪಾಠ ಟಿಪ್ಪಣಿ ಬರೆದೆ. ನಮ್ಮ ಪ್ರಾಧ್ಯಾಪಕರು ಹೊಡೆದು ಹಾಕಿದರು. ಅರ್ಥವಾಗುವುದು ಕಣ್ಣಿಗೆ ಕಾಣುವುದಿಲ್ಲ, ವಿವರಿಸುವರು, ಹೋಲಿಸುವರು ಅಂತ ಕಾಣುವಂಥದ್ದನ್ನು ಬರಿ ಎಂದರು. ಮತ್ತೆ ಬರೆದೆ, ಮತ್ತೆ ಹೊಡೆದರು. ಕಡೆಗೆ ಎಲ್ಲರೆದುರು ದನಿ ಏರಿಸಿ, "ನಾ ಹೇಳಿದ್ದು ಅರ್ಥ ಆತೇನವಾ?" ಎಂದು ಕೇಳಿದರು.

"ಆಗೇತ್ರಿ ಸರ್. ಆದ್ರ ನಿಮ್ಮ ಕಣ್ಣಿಗೆ ಕಾಣಂಗಿಲ್ರಿ."

ಆ ಪಾಠಕ್ಕೆ ಅವರು ಕೊಟ್ಟ ಅಂಕ ಮಾತ್ರ ನನ್ನ ಕಣ್ಣಿಗೆ ಸ್ಪಷ್ಟವಾಗಿ ಕಂಡಿತು.

೨. ಶುಕ್ರವಾರದ ಪ್ರಶ್ನೆ

ದಿಗ್ಗೇವಾಡಿ ಕಡೆ ನೌಕರಿ ಸಿಕ್ಕ ಹೊಸತು. ತಪಾಸಣೆಗೆ ಬಂದ ಸಾಹೇಬರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ತೇಲುವುದು, ಮುಳುಗುವುದು ಪಾಠ. ಒಬ್ಬ ಹುಡುಗ ಎದ್ದು, ಹೊಳೆಯಲ್ಲಿ ಅಷ್ಟು ದೊಡ್ಡ ಎಮ್ಮೆ ತೇಲುತ್ತದೆ, ಅದರ ಕೊರಳಿನ ಗಂಟೆ ಬಿಚ್ಚಿ ಬಿದ್ದರೆ ಯಾಕೆ ಮುಳುಗುತ್ತದೆ ಎಂದು ಕೇಳಿದ. ನಾನು ಖುಷಿಯಿಂದ ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು ತಡೆದರು. ಇವತ್ತಿನ ಟಿಪ್ಪಣಿಯಲ್ಲಿ ಜ್ಞಾನವಷ್ಟೇ ಇದೆ, ಇದು ಅನ್ವಯದ ಪ್ರಶ್ನೆ, ಅನ್ವಯ ಶುಕ್ರವಾರ, ಆಗ ಕೇಳಲಿ ಎಂದರು. ಹುಡುಗ ಕೂತ. ನಾನು ಹಲ್ಲು ಕಚ್ಚಿದೆ. ಶುಕ್ರವಾರ ನಾನೇ ಅವನನ್ನು ಎಬ್ಬಿಸಿ ಈಗ ಕೇಳಪ್ಪ ಎಂದರೆ, "ಮರ್ತೇನ್ರಿ ಅಕ್ಕಾರ" ಎಂದ.

ಅನ್ವಯದ ದಿನ ಬರುವಷ್ಟರಲ್ಲಿ ಜ್ಞಾನವೂ ಹೋಗಿತ್ತು.

೩. ಕಬಡ್ಡಿಯ ಮೌಲ್ಯಮಾಪನ

ಐನಾಪುರ ಕಡೆಯ ಶಾಲೆಯ ಹೆಡ್ ಮಾಸ್ತರರು, ಆಟದ ಪಾಠಕ್ಕೂ ಪಿ.ಟಿ. ಮಾಸ್ತರರು ಎಲ್ಲ ಹಂತ ತುಂಬಿ ಟಿಪ್ಪಣಿ ಬರೆಯಲೇಬೇಕೆಂದು ಹಟ ಹಿಡಿದರು. ಪಿ.ಟಿ. ಮಾಸ್ತರರು ಸಿಟ್ಟಿನಲ್ಲೇ ಬರೆದರು. ಜ್ಞಾನಕ್ಕೆ, ಅಂಕಣದ ಗೆರೆಗಳನ್ನು ಹೆಸರಿಸುವರು. ಅನ್ವಯಕ್ಕೆ, ದಮ್ಮು ಹಿಡಿದು ಓಡುವರು. ಮೌಲ್ಯಮಾಪನಕ್ಕೆ, ಈ ಬಿಸಿಲಲ್ಲಿ ಕಬಡ್ಡಿ ಆಡಬೇಕೋ ಬೇಡವೋ ತೀರ್ಮಾನಿಸುವರು. ಹೆಡ್ ಮಾಸ್ತರರು ಓದದೆ ಸಹಿ ಹಾಕಿದರು. ಮಧ್ಯಾಹ್ನ ಮೈದಾನ ಖಾಲಿ. ಮಕ್ಕಳೆಲ್ಲಿ ಎಂದು ಅವರು ಕೂಗಾಡಿದರೆ, ಪಿ.ಟಿ. ಮಾಸ್ತರರು ತಣ್ಣಗೆ ಹೇಳಿದರು.

"ತೀರ್ಮಾನ ಮಾಡಿ ಮನಿಗೆ ಹೋಗ್ಯಾರ್ರಿ."

೪. ದ್ರಾಕ್ಷಿ ಕಂಡವಳು

ತೊಂಬತ್ತರ ದಶಕ, ಕಾಗವಾಡದ ಹತ್ತಿರದ ಹೈಸ್ಕೂಲು. ವಾರ್ಷಿಕ ಪರೀಕ್ಷೆಯಲ್ಲಿ ಒಣದ್ರಾಕ್ಷಿ ಏಕೆ ಕೆಡುವುದಿಲ್ಲ ಎಂದು ಅನ್ವಯದ ಪ್ರಶ್ನೆ ಕೇಳಿದ್ದೆ. ಹೊಲದ ಕೂಲಿಯವರ ಮಗಳೊಬ್ಬಳು, ನೀರಿನಂಶ ಹೋದರೆ ಕೊಳೆಸುವ ಜೀವಿಗಳು ಬೆಳೆಯಲಾರವು ಎಂದು ಚೆಂದಾಗಿ ಬರೆದಿದ್ದಳು. ಶಾಲೆಯ ಸೂಟಿಯಲ್ಲಿ ಅವ್ವನ ಜೊತೆ ದ್ರಾಕ್ಷಿ ಒಣಗಿಸುವ ಶೆಡ್ಡಿಗೆ ಹೋಗಿ ನೋಡಿದ್ದೇನೆ ಎಂದೂ ಸೇರಿಸಿದ್ದಳು. ಪೂರ್ತಿ ಅಂಕ ಕೊಟ್ಟೆ.

ಉತ್ತರಪತ್ರಿಕೆ ಪರಿಶೀಲಿಸಲು ಬಂದ ಸಾಹೇಬರು ಅದನ್ನು ಹೊಡೆದು ಸೊನ್ನೆ ಹಾಕಿದರು. ಅನ್ವಯವೆಂದರೆ ಹೊಸ ಸನ್ನಿವೇಶ, ಈಕೆ ಶೆಡ್ಡು ಕಂಡವಳು, ಹಾಗಾಗಿ ಇದು ಬರೀ ನೆನಪು ಎಂಬುದು ಅವರ ವಾದ. ಆ ಅಂಕ ಹೋದರೆ ಹುಡುಗಿ ನಾಪಾಸು. ನಾಪಾಸಾದರೆ ಶಾಲೆ ಬಿಡಿಸುವುದಾಗಿ ಅಪ್ಪ ಹೇಳಿಯಾಗಿತ್ತು. ದ್ರಾಕ್ಷಿ ಕಾಣದವರಷ್ಟೇ ದ್ರಾಕ್ಷಿ ಬಗ್ಗೆ ಬರೀಬೇಕೇನ್ರಿ ಎಂದು ನಾನು ಜಗಳಕ್ಕೇ ನಿಂತೆ, ಹುಡುಗಿಯನ್ನು ಕರೆಸಿದೆ.

"ಇದನ್ನ ನೋಡಿ ಬರದ್ಯೋ, ವಿಚಾರ ಮಾಡಿ ಬರದ್ಯೋ?" ಎಂದು ಸಾಹೇಬರು ಗದರಿದರು.

ಹುಡುಗಿ ಕಾಪಿ ಹೊಡೆದ ಆರೋಪವೆಂದೇ ತಿಳಿದು ಅಳುಮೋರೆ ಮಾಡಿದಳು. "ಯಾರದೂ ನೋಡಿಲ್ರಿ. ದ್ರಾಕ್ಷಿ ಅಷ್ಟ ನೋಡೇನ್ರಿ. ವಿಚಾರ ಅಲ್ಲೇ ಬಂತ್ರಿ."

ಸಾಹೇಬರು ನನ್ನ ಕಡೆ ತಿರುಗಿದರು. ನೋಡುವುದೂ ವಿಚಾರವೂ ಕೂಡಿಯೇ ಬಂದರೆ ಈಕೆಯನ್ನು ಜ್ಞಾನದ ಕಾಲಮ್ಮಿಗೆ ಹಾಕಲೋ ಅನ್ವಯದ ಕಾಲಮ್ಮಿಗೋ ಎಂದು ನನ್ನನ್ನೇ ಕೇಳಿದರು.

"ಪಾಸ್ ಅನ್ನೂ ಕಾಲಮ್ಮಿಗೆ ಹಾಕ್ರಿ" ಎಂದೆ.

ಹಾಕಿದರು.