ಶಾಲು ಹೊದಿಸಿ ಕಾಫಿ ಕುಡಿಯದೆ ಹೋದ ಅಧ್ಯಕ್ಷರಿಗೆ

ಮೊಳಕಾಲ್ಮೂರು, 2004

ಚಳ್ಳಕೆರೆ–ಮೊಳಕಾಲ್ಮೂರು ಕ್ಯಾನ್ಸರ್ ತಡೆ ಸಮಿತಿಯ ಅಧ್ಯಕ್ಷರೂ ಎಣ್ಣೆ ಮಿಲ್ಲಿನ ಮಾಲೀಕರೂ ಆದ ಶ್ರೀಮಾನ್ ಮುರುಗೇಂದ್ರಪ್ಪನವರ ಸನ್ನಿಧಾನಕ್ಕೆ, ಸೀರೆ ನೇಯುವ ಚೌಡೇಶ್ವರಿ ಮಗ್ಗದಿಂದ ಎದ್ದು ನಿಂತು ಮಾಡುವ ನಮಸ್ಕಾರಗಳು.

ಮಾನ್ಯರೇ,

ಬೆಂಗಳೂರಿನಲ್ಲಿ ಎಡಗಡೆಯ ಮೊಲೆ ತೆಗೆಸಿಕೊಂಡು, ಉದುರಿದ ಕೂದಲು ಮತ್ತೆ ಬಂದು, ಮಗ್ಗದ ಮುಂದೆ ಮತ್ತೆ ಕುಳಿತ ನನ್ನನ್ನು ತಾವು ಕಳೆದ ವರ್ಷ ವೇದಿಕೆಗೆ ಕರೆಸಿ 'ವೀರವನಿತೆ' ಎಂದು ಬಣ್ಣಿಸಿದಿರಿ. ರೇಷ್ಮೆ ನೇಯುವವಳಿಗೆ ನೈಲಾನ್ ಶಾಲು ಹೊದಿಸಿದ ತಮ್ಮ ಔದಾರ್ಯವನ್ನು ನಮ್ಮ ಬೀದಿ ಇನ್ನೂ ಮರೆತಿಲ್ಲ. ಈ ರೋಗ ಅಂಟುವುದಿಲ್ಲ, ಗುಣವಾಗಿ ಬಂದವರನ್ನು ದೂರ ಇಡಬಾರದು ಎಂದು ತಾವು ಮುಕ್ಕಾಲು ಗಂಟೆ ಹೇಳಿದ್ದನ್ನು ಕೇಳಿ ನನಗೆ ನಿಜವಾಗಿಯೂ ಕಣ್ಣು ತುಂಬಿತು. ಏಕೆಂದರೆ ಆಸ್ಪತ್ರೆಯಿಂದ ಬಂದಂದಿನಿಂದ ನನ್ನ ಓರಗಿತ್ತಿಯೇ ನನ್ನ ಲೋಟವನ್ನು ಬೇರೆ ಇಟ್ಟಿದ್ದಳು.

ಆ ಧೈರ್ಯದ ಮೇಲೆ, ಸಭೆ ಮುಗಿದೊಡನೆ ಸಮಿತಿಯವರನ್ನೆಲ್ಲ ಮನೆಗೆ ಕಾಫಿಗೆ ಕರೆದೆ. ತಮಗೆ ಥಟ್ಟನೆ ಸಕ್ಕರೆ ಕಾಯಿಲೆ ನೆನಪಾಯಿತು. ಕಾರ್ಯದರ್ಶಿಗಳಿಗೆ ಸೋಮವಾರದ ಉಪವಾಸ ನೆನಪಾಯಿತು; ಅಂದು ಬುಧವಾರ. ಖಜಾಂಚಿಗಳು ಜೀಪಿನೊಳಗಿಂದಲೇ ಕೈ ಮುಗಿದರು. ಇಷ್ಟು ಜನರಿಗೆ ಒಂದೇ ಗಳಿಗೆಯಲ್ಲಿ ಇಷ್ಟೊಂದು ತೊಂದರೆ ಬಂದದ್ದು ತಪಾಸಣೆಗೆ ಬಂದಿದ್ದ ಡಾಕ್ಟರ ಗಮನಕ್ಕೆ ಬಾರದೆ ಹೋಯಿತಲ್ಲ ಎಂದು ನನಗೆ ಇವತ್ತಿಗೂ ಬೇಸರ.

ಕಾಯಿಸಿದ ಹಾಲು ಆರುತ್ತಿದ್ದಾಗ ಬಾಗಿಲಲ್ಲಿ ಒಬ್ಬಳು ಬಂದು ನಿಂತಳು. ಕೊಂಡ್ಲಹಳ್ಳಿಯಲ್ಲಿ ಕುರಿ ಮೇಯಿಸುವ ಪಾಪಕ್ಕ. ಸಭೆಯಲ್ಲಿ ಹಿಂದೆ ಕುಳಿತಿದ್ದವಳು. "ಕಾಫಿ ಐತೇನವ್ವಾ?" ಎಂದಳು. ಒಂದು ಲೋಟ ಕುಡಿದಳು, ಇನ್ನೊಂದು ಕೇಳಿ ಹಾಕಿಸಿಕೊಂಡಳು. ಅದೂ ಮುಗಿದ ಮೇಲೆ ತಲೆ ತಗ್ಗಿಸಿ, ಎದೆಯ ಮೇಲೆ ಕೈಯಿಟ್ಟು, "ನಂಗೂ ಇಲ್ಲೊಂದು ಗಂಟೈತೆ. ಅಷ್ಟು ಜನ ಗಂಡಸ್ರ ಮುಂದೆ ಕೈ ಎತ್ತಾಕೆ ನಾಚ್ಕೆ ಆತು" ಎಂದಳು. "ಗಂಟಿರುವ ತಾಯಂದಿರು ಸಂಕೋಚವಿಲ್ಲದೆ ಕೈ ಎತ್ತಿ" ಎಂದು ತಾವು ಮೈಕಿನಲ್ಲಿ ಇಡೀ ಪೇಟೆಗೆ ಕೇಳುವಂತೆ ಕೋರಿದ್ದಿರಿ.

ಒಳಗಿನಿಂದ ನೋಡುತ್ತಿದ್ದ ಓರಗಿತ್ತಿ ಹೊರಗೆ ಬಂದು ನಮ್ಮಿಬ್ಬರ ಲೋಟಗಳನ್ನೂ ತಾನೇ ತೊಳೆದು, ಮನೆಯವರ ಲೋಟಗಳ ಸಾಲಿನಲ್ಲಿ ಬೋರಲು ಹಾಕಿದಳು.

ಮರುದಿನ ನಾವು ಮೂವರೂ ದಾವಣಗೆರೆ ಬಸ್ಸು ಹತ್ತಿದೆವು. ಪಾಪಕ್ಕ ದಾರಿಯುದ್ದಕ್ಕೂ ನನ್ನ ಸೆರಗು ಹಿಡಿದುಕೊಂಡಿದ್ದಳು. ಕ್ಯಾನ್ಸರೇ ಆಗಿತ್ತು, ಆದರೆ ಬೇಗ ಬಂದಿದ್ದೀರಿ ಎಂದರು ಡಾಕ್ಟರು. ಆಪರೇಷನ್, ಔಷಧಿ ಎಲ್ಲ ಮುಗಿದು ಈಗ ಅವಳು ಕುರಿಗಳ ಹಿಂದೆ ಗುಡ್ಡ ಹತ್ತುತ್ತಿದ್ದಾಳೆ. ಈ ಯಶಸ್ಸನ್ನು ಸಮಿತಿಯ ವರದಿಯಲ್ಲಿ ತಾವು ಧಾರಾಳವಾಗಿ ಸೇರಿಸಿಕೊಳ್ಳಬಹುದು.

ಮುಂದಿನ ಸಲಕ್ಕೆ ಒಂದೇ ಬಿನ್ನಹ. ತಮ್ಮ ಭಾಷಣ ಮುಕ್ಕಾಲು ಗಂಟೆಗೆ ನಿಲ್ಲದೆ ಮೂರು ಗಂಟೆ ನಡೆಯಲಿ, ಗಂಡಸರೆಲ್ಲ ಅಲ್ಲೇ ಕೂತು ಕೇಳಲಿ. ಅಷ್ಟರಲ್ಲಿ ಹೆಂಗಸರು ನಮ್ಮ ಮನೆಯಲ್ಲಿ ಲೇಡಿ ಡಾಕ್ಟರಿಗೆ ತೋರಿಸಿಕೊಂಡು ಬಂದುಬಿಡುತ್ತೇವೆ.

ಶಾಲಿನೊಳಗೆ ಬೆಚ್ಚಗಿರುವ
ತಮ್ಮ ವಿಶ್ವಾಸಿ,
ಚೌಡೇಶ್ವರಿ

ವಿ.ಸೂ.: ತಮ್ಮ ಮನೆಯವರು ಮೊನ್ನೆ ಸೀರೆ ನೋಡಲು ಬಂದು ಬಹಳ ಹೊತ್ತು ಕೂತಿದ್ದರು. ಗಾಬರಿ ಬೇಡ, ಅವರು ಆರೋಗ್ಯವಾಗಿದ್ದಾರೆ. ಮಿಲ್ಲಿನ ಹಿಂದೆ ನಿಂತು ತಾವು ಸೇದುವ ಸಿಗರೇಟನ್ನು ಬಿಡಿಸುವುದು ಹೇಗೆಂದು ಕೇಳಿದರು. ನಾವಿಬ್ಬರು ಹೆಂಗಸರು ಹೇಳಿದರೆ ಸಾಲದೇನೋ ಎಂದು ಈ ಪತ್ರವನ್ನು ಪೇಪರಿಗೇ ಕಳಿಸಿದ್ದೇನೆ.