ಆಕಾಶದಿಂದ ಬಿದ್ದ ವೀಸೆಕಲ್ಲು

ಬೆಲ್ಲದ ಹುಚ್ಚೀರಯ್ಯನ ಕಬ್ಬಿಣದ ವೀಸೆಕಲ್ಲು, ಈಗಿನ ಲೆಕ್ಕದಲ್ಲಿ ಒಂದೂವರೆ ಕಿಲೋಗೆ ಕೊಂಚ ಕಡಿಮೆಯ ತೂಕದ ಬಟ್ಟು, ಕಳವಾದದ್ದೇ ಎಲ್ಲಕ್ಕೂ ಮೂಲ. ಯುದ್ಧದ ಕಾಲ, ಕಬ್ಬಿಣ ಕಾಸಿಗೂ ಸಿಗದು, ಕಾಡಿದರೂ ಸಿಗದು. ತನ್ನ ಕಬ್ಬಿನ ಗದ್ದೆಯ ಗುಂಡಿಯೊಂದರಲ್ಲಿ ಸಿಕ್ಕ ಕರಿಯ ಕಲ್ಲನ್ನು ಅವನು ಅಂಗೈಯಲ್ಲಿ ತೂಗಿ, ಹಳೆಯ ವೀಸೆಯ ಭಾರವನ್ನು ನೆನೆದು, ಸರಿಯಿದೆಯೆಂದು ನಂಬಿದ. ಅಂದಿನಿಂದ ಒಂದು ವರ್ಷ ಮದ್ದೂರಿನ ಸಂತೆಯಲ್ಲಿ ಅದರಿಂದಲೇ ಬೆಲ್ಲ ತೂಗಿದ.

ಈ ದಿನ ನೆರೆಮನೆಯ ಮಂಗಳಮ್ಮ ತಕ್ಕಡಿಯೊಳಗೆ ಇಣುಕಿದಳು.

"ಏನ್ಲಾ ಉಚ್ಚೀರಯ್ಯ, ಕಿತ್ತಳೆ ಅಣ್ಣಿನಷ್ಟೂ ಇಲ್ಲ, ಇದು ವೀಸೆ ತೂಗ್ತದಾ? ಯಾರ ಕಿವೀಗೆ ಊವ ಮಡಗ್ತಿದ್ದೀಯೆ?"

ಸಂತೆಯ ಜನ ಸುತ್ತ ನೆರೆಯಿತು. ಸುಂಕದ ಶಿವಣ್ಣ ಬಂದು, "ಮೋಸ ಅಂತ ಗೊತ್ತಾದ್ರೆ ಈ ಜಾಗ ಖಾಲಿ ಮಾಡ್ಬೇಕಾಯ್ತದೆ" ಎಂದ. ಹುಚ್ಚೀರಯ್ಯನ ಮುಖ ಮಳೆಗೆ ಸಿಕ್ಕ ಬೆಲ್ಲದಚ್ಚಿನಂತೆ ಕರಗಿತು. ಆ ದಾರಿಯಲ್ಲಿ ಹೊರಟಿದ್ದ ಶಾಲೆಯ ಸಿದ್ದರಾಜು ಮೇಷ್ಟರ ಕೈಹಿಡಿದು, "ನೀವೇ ಯೋಳಿ ಸ್ವಾಮಿ" ಎಂದು ಗೋಗರೆದ.

ಮೇಷ್ಟರು ಕಲ್ಲಿನ ಸುಟ್ಟ ಮೈಯನ್ನು ಪ್ರೀತಿಯಿಂದ ಸವರಿದರು.

"ಇದು ಆಕಾಶದಿಂದ ಬಿದ್ದ ಕಬ್ಬಿಣದ ಕಲ್ಲು. ಅಲ್ಲಿ ಕಲ್ಲಿಗೆ ಕಲ್ಲು ಬಡಿದು ಒಡೀತವೆ, ಕರಗ್ತವೆ. ಅಲ್ಲೂ ಇಲ್ಲೂ ಕಣ್ಣಿಗೆ ಕಾಣದ ಕಣಗಳು ಹಗಲೂ ರಾತ್ರಿ ಬಂದು ಹೊಡೀತವೆ. ಆ ಏಟಿಗೆ ಒಳಗಿನ ಪರಮಾಣುವೇ ಒಡೆದು ಬೇರೆಯಾಗ್ತದೆ."

"ಅಂಗಾರೆ ಓದ ವಾರದ ವೀಸೆ ಬ್ಯಾರೆ, ಈ ವಾರದ್ದು ಬ್ಯಾರೆ ಅನ್ನಿ!" ಎಂದ ಶಿವಣ್ಣ.

"ಆ ವ್ಯತ್ಯಾಸ ಯಾರಿಗೂ ಗೊತ್ತಾಗಲ್ಲ ಶಿವಣ್ಣ."

"ಯಾರ್ಗೂ ಗೊತ್ತಾಗ್ದಂಗೆ ಕಮ್ಮಿ ಮಾಡೋದ್ನೇ ಕಳ್ತನ ಅನ್ನೋದು ಮೇಷ್ಟ್ರೇ!" ಎಂದಳು ಮಂಗಳಮ್ಮ.

ಶಿವಣ್ಣ ಸುಂಕದ ಕಟ್ಟೆಯಿಂದ ಸರ್ಕಾರದ ಮುದ್ರೆಯ ವೀಸೆ ತರಿಸಿ ಒಂದು ತಟ್ಟೆಗಿಟ್ಟ. ಇನ್ನೊಂದಕ್ಕೆ ಆಕಾಶದ ಕಲ್ಲು. ಕಲ್ಲಿನ ತಟ್ಟೆ ದೊಪ್ಪನೆ ನೆಲ ಮುಟ್ಟಿತು. ಶಿವಣ್ಣ ಎದುರು ತಟ್ಟೆಗೆ ಕಾಲು ವೀಸೆಯ ಬಟ್ಟು ಸೇರಿಸಿದ ಮೇಲೆ ತಕ್ಕಡಿ ಸಮನಾಯಿತು.

"ಕಾಲು ವೀಸೆ ಎಚ್ಗೇನೇ ಅದೆ ಕಣ್ಲಾ!" ಎಂದ.

ಹುಚ್ಚೀರಯ್ಯ ಎದೆಯುಬ್ಬಿಸಿ ನಕ್ಕ. ನಗು ತುಟಿಯಲ್ಲಿರುವಾಗಲೇ, ವರ್ಷವಿಡೀ ಊರಿಗೆ ಬಿಟ್ಟಿಯಾಗಿ ಹಂಚಿದ ಬೆಲ್ಲ ಕಣ್ಣ ಮುಂದೆ ಬೆಟ್ಟವಾಗಿ ನಿಂತಿತು.

"ಅಯ್ಯಯ್ಯೋ! ಸುತ್ಗೆ ಕೊಡ್ರಪ್ಪೋ, ಒಂಚೂರು ಕೆತ್ತಾಕ್ಬುಡ್ತೀನಿ!"

ಮಂಗಳಮ್ಮ ಕಲ್ಲನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡಳು. "ಮುಟ್ಟು ನೋಡನ! ಕೆತ್ತುದ್ರೆ ಅದೇ ಕಣ್ಲಾ ಮೋಸ!"

"ದಿಟ," ಎಂದ ಶಿವಣ್ಣ. ಅವನ ಮನೆಗೂ ಇದೇ ಬೆಲ್ಲ ಹೋಗುತ್ತಿತ್ತು. "ಈ ಜಾಗ ಬೇಕು ಅಂದ್ರೆ ಈ ಕಲ್ಲಲ್ಲೇ ತೂಗು. ಬ್ಯಾರೆ ಮಡಗಿದ್ಯೋ, ನಮ್ಗೆ ಅನುಮಾನ ಬತ್ತದೆ."

ಹುಚ್ಚೀರಯ್ಯ ಮೇಷ್ಟರ ಕಡೆ ತಿರುಗಿದ. "ಸ್ವಾಮಿ, ಆ ಕಾಣ್ದಿರೋ ಕಣಗೋಳು ಒಡ್ದು ಒಡ್ದು ಇದು ಕಾಲು ವೀಸೆ ಸವೆಯಕ್ಕೆ ಎಷ್ಟು ದಿನ ಆದಾತು?"

ಮೇಷ್ಟರು ಬಿಳಿಯ ಆಕಾಶದ ಕಡೆ ನೋಡಿ ತಲೆಯಾಡಿಸಿದರು. "ಕೋಟಿ ವರ್ಷವೂ ಸಾಲದು, ಹುಚ್ಚೀರಯ್ಯ."

ಮಂಗಳಮ್ಮ ಕಲ್ಲನ್ನು ಮೆಲ್ಲಗೆ ತಕ್ಕಡಿಗೆ ಇಳಿಸಿ, ಸೆರಗೊಡ್ಡಿದಳು.

"ಎಲ್ಡು ವೀಸೆ ತೂಗ್ಲಾ."