ಟೊಪ್ಪಿಗೆಯ ಹಗ್ಗಕ್ಕೆ ಬಿದ್ದ ಕರಿ ದಾರ

ಗುಪ್ತ ಮತದಾನ ಎಂದರೇನು ಎಂಬುದು ಇಡೀ ಬೆಟಗೇರಿಯಲ್ಲಿ ನನ್ನೊಬ್ಬನಿಗೇ ಗೊತ್ತು ಎಂದು ನಾನು ನಂಬಿದ್ದ ಕಾಲವದು. ಸ್ವರಾಜ್ಯ ಬಂದ ಮೇಲಿನ ಮೊದಲ ಚುನಾವಣೆಗೆ ಜನ ಸಾಲದೆ ನನ್ನನ್ನೂ ಕರೆದಿದ್ದರು. ಹಿರೇಹಂದಿಗೋಳದ ಶಾಲೆಯಲ್ಲಿ ಮತಪೆಟ್ಟಿಗೆ ಕಾಯುತ್ತ ಒಂದು ದಿನ ಕೂತು ಬಂದಿದ್ದೆ. ಒಂದೇ ದಿನ! ಅದನ್ನೇ ಒಂದು ವರ್ಷ ಹೇಳಿಕೊಂಡು ತಿರುಗಿದೆ.

ನಾನು ಮುಂಡರಗಿಯವನು, ಮಾಸ್ತರರ ಮಗ. ಬೆಟಗೇರಿಯ ಒಂದು ಸೀರೆ ಕಾರಖಾನೆಯಲ್ಲಿ ಕಾರಕೂನ. ನಮ್ಮ ಸಾವಕಾರ ಚನ್ನಬಸಪ್ಪನವರು ಹುಟ್ಟಾ ನೇಕಾರರು. ಮೊದಲು ಅವರ ಪಡಸಾಲೆಯಲ್ಲಿ ನಾಲ್ಕೇ ಮಗ್ಗ ಇದ್ದವಂತೆ. ಅವರೂ ಒಂದರ ಮುಂದೆ ಕೂತು ನೇಯುತ್ತ, ನಗುತ್ತ, ಎಲ್ಲರ ಜೊತೆ ರೊಟ್ಟಿ ಮುರಿಯುತ್ತಿದ್ದರಂತೆ. ಈಗ ತಗಡಿನ ಶೆಡ್ಡಿನಲ್ಲಿ ಇಪ್ಪತ್ತನಾಲ್ಕು ಮಗ್ಗ. ಗಂಟೆ ಬಂತು, ಹಾಜರಿ ಬಂತು, ಪ್ರತಿಯೊಬ್ಬನಿಗೂ ಹಿತ್ತಾಳೆಯ ನಂಬರ್ ಬಿಲ್ಲೆ ಬಂತು. ಸಾವಕಾರರಿಗೆ ಆಫೀಸು ಬಂತು. ಅದರೊಳಗೆ ಹೋದ ಅವರು ಹೊರಗೆ ಕಾಣುವುದೇ ಅಪರೂಪವಾಯಿತು.

ಒಂದು ದಿನ ಅವರೇ ಕರೆದರು. "ಕಾರಕೂನ್ರ, ಮಂದಿ ಮೊದಲಿನಂಗ ನಗಾಕತ್ತಿಲ್ಲ. ಅವರಿಗೆ ಇಲ್ಲೆ ಏನ ಸೇರತೈತಿ, ಏನ ಸೇರಂಗಿಲ್ಲ, ಸ್ವಲ್ಪ ತಿಳ್ಕೊಂಡ ಬರ್ರಿ."

ಹೋಗಿ ಕೇಳಿದೆ. "ಎಲ್ಲಾ ಛಲೋ ಐತ್ರಿ" ಅಂದರು. ಇಪ್ಪತ್ತನಾಲ್ಕು ಜನರದೂ ಅದೇ ಉತ್ತರ! ಸಾವಕಾರರ ಕಾರಕೂನನ ಮುಂದೆ ಮತ್ತೇನು ಹೇಳುತ್ತಾರೆ?

ಆಗ ನನ್ನ ಒಂದು ದಿನದ ಅನುಭವ ಎದ್ದು ನಿಂತಿತು. ಗುಪ್ತ ಮತದಾನ! ಬರೆಸಿದರೆ ಅಕ್ಷರದ ಗುರುತು ಸಿಗುತ್ತದೆ, ಹೆಚ್ಚಿನವರಿಗೆ ಬರೆಯಲೂ ಬಾರದು. ಆದರೆ ದಾರ? ದಾರಕ್ಕೆಲ್ಲಿಯ ಗುರುತು? ಇಷ್ಟು ದೊಡ್ಡ ಬುದ್ಧಿ ನನಗೆ ಹೇಗೆ ಹೊಳೆಯಿತೋ ಎಂದು ನನಗೇ ಆಶ್ಚರ್ಯ!

ನೂಲಿನ ಕೋಣೆಯಲ್ಲಿ ಐದು ಹಗ್ಗ ತೂಗುಬಿಟ್ಟೆ. ಚುನಾವಣೆಯ ಗುರುತುಗಳ ಹಾಗೆ ಒಂದೊಂದರ ತುದಿಗೆ ಒಂದೊಂದು ವಸ್ತು ಕಟ್ಟಿದೆ. ಪಗಾರದ ಚೀಲ, ಸಣ್ಣ ಗಂಟೆ, ಹೋಟೆಲ್ಲಿನಿಂದ ತಣ್ಣಗಾಗಿ ಬರುವ ಚಹಾದ ಕಪ್ಪು, ನಂಬರ್ ಬಿಲ್ಲೆ. ಐದನೆಯದನ್ನು ಯಾರೂ ಕೇಳಿರಲಿಲ್ಲ, ನನ್ನದೇ ಉತ್ಸಾಹ. ಅದರ ತುದಿಗೆ ಸಾವಕಾರರ ಹಳೆಯ ಕರಿ ಟೊಪ್ಪಿಗೆ, ಅಂದರೆ ಸ್ವತಃ ಸಾವಕಾರರೇ! ಒಬ್ಬೊಬ್ಬರೇ ಒಳಗೆ ಹೋಗಬೇಕು. ಸೇರಿದರೆ ಕೆಂಪು ದಾರ, ಸೇರದಿದ್ದರೆ ಕರಿ ದಾರ ಗಂಟು ಹಾಕಿ ಬರಬೇಕು.

ಹದಿನೇಳನೇ ನಂಬರಿನ ನಿಂಗಪ್ಪಜ್ಜ ಬಾಗಿಲಲ್ಲೇ ನಿಂತ. ಪಡಸಾಲೆಯ ನಾಲ್ಕು ಮಗ್ಗದ ಕಾಲದಿಂದಲೂ ಇದ್ದವನು ಅವನೊಬ್ಬನೇ.

"ಯಾರ್ದು ಯಾವುದು ಅಂತ ಗೊತ್ತಾಗಂಗಿಲ್ಲ, ಹೌದಲ್ರಿ ಕಾರಕೂನ್ರ?"

"ಅಜ್ಜಾ, ಬ್ರಹ್ಮ ಬಂದ್ರೂ ಗೊತ್ತಾಗಂಗಿಲ್ಲ!" ಎಂದೆ.

ಕಡೆಗೆ ನಾನೂ ಒಳಗೆ ಹೋದೆ. ನೌಕರ ನಾನೂ ಹೌದಲ್ಲ! ಆ ವಾರ ಸಾವಕಾರರು ಎಲ್ಲರೆದುರು ನನ್ನನ್ನು ಬೈದಿದ್ದರು. ಟೊಪ್ಪಿಗೆಯ ಹಗ್ಗಕ್ಕೆ ಧೈರ್ಯವಾಗಿ ಒಂದು ಕರಿ ದಾರ ಸುತ್ತಿ ಬಂದೆ.

ಐದೂ ಹಗ್ಗಗಳನ್ನು ಸಾವಕಾರರ ಮೇಜಿನ ಮೇಲೆ ಹರಡಿದೆ. ವಾರ ತಪ್ಪದೆ ಪಗಾರ ಬರುವುದು ಎಲ್ಲರಿಗೂ ಸೇರಿತ್ತು. ಗಂಟೆ, ಚಹಾ ಸೇರಿರಲಿಲ್ಲ. ಬಿಲ್ಲೆಯ ಹಗ್ಗವಂತೂ ಪೂರ್ತಿ ಕಪ್ಪು. ಟೊಪ್ಪಿಗೆಗೆ ಮಾತ್ರ ಎಲ್ಲಾ ಕೆಂಪು, ಎರಡೇ ಕಪ್ಪು.

ಸಾವಕಾರರು ಟೊಪ್ಪಿಗೆಯ ಹಗ್ಗವನ್ನು ಕೈಗೆತ್ತಿಕೊಂಡು ಗಂಟುಗಳ ಮೇಲೆ ಹೆಬ್ಬೆರಳು ಆಡಿಸಿದರು. "ಇದು ಫಕೀರಪ್ಪಂದು, ತುದಿ ಉದ್ದ ಬಿಡತಾನ. ಇದು ಮೌಲಾಸಾಬಂದು, ಎರಡ ಸುತ್ತ ಹಾಕತಾನ..."

ದಿನಕ್ಕೆ ನೂರು ಸಲ ಹರಿದ ಎಳೆ ಜೋಡಿಸುವ ಕೈಗಳವು. ನೇಕಾರನ ಗಂಟು ಅಂದರೆ ಅವನ ಸಹಿ! ನಾನು ಇಪ್ಪತ್ತನಾಲ್ಕು ಜನರಿಂದ ಸಹಿ ಮಾಡಿಸಿಕೊಂಡು ಬಂದಿದ್ದೆ.

ಒಂದು ಕರಿ ದಾರದ ಮೇಲೆ ಅವರ ಬೆರಳು ನಿಂತಿತು.

"ಎಡಗೈ ಗಂಟು. ನಿಂಗಪ್ಪಜ್ಜಂದು. ನನಗ ಗಂಟು ಹಾಕಾಕ ಕಲಿಸಿದಾಂವ ಅಂವ."

ಆಮೇಲೆ ಇನ್ನೊಂದು ಕರಿ ದಾರ ಮುಟ್ಟಿದರು. ಮುಟ್ಟಿದ್ದೇ ತಡ, ಅದು ಬಿಚ್ಚಿ ಮೇಜಿನ ಮೇಲೆ ಬಿತ್ತು! "ಇದು ಗಂಟ ಅಲ್ಲ. ಗಂಟು ಹಾಕಾಕ ಬರದಾಂವ ನಮ್ಮಲ್ಲೆ ಒಬ್ಬನ ಅದಾನ" ಎಂದು ನನ್ನನ್ನು ನೋಡಿದರು. ಬೈಯಲಿಲ್ಲ. ಎದ್ದು ಸೀದಾ ಶೆಡ್ಡಿಗೆ ನಡೆದರು.

"ಅಜ್ಜಾ, ನಾ ಏನ ತಪ್ಪ ಮಾಡೀನಿ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಎಲ್ಲರ ಎದುರು ಕೇಳಿಬಿಟ್ಟರು. ಇಪ್ಪತ್ತನಾಲ್ಕು ಮಗ್ಗವೂ ನಿಂತವು.

ಅಜ್ಜ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದ. "ಗೊತ್ತಾಗಂಗಿಲ್ಲ ಅಂದಿದ್ರೆಲ್ರಿ" ಎಂದ. ಆಮೇಲೆ ಮೆಲ್ಲಗೆ, "ಚನ್ನಪ್ಪಾ, ನೀ ನನ್ನ ಬಾಜೂಕ ಬಂದು ಕುಂತು ವರ್ಷ ಆತು. ಹದಿನೇಳು ಅಂತ ಕೂಗಿಸ್ತಿ. ಇಷ್ಟ ಮತ್ತ, ಬ್ಯಾರೆ ಏನಿಲ್ಲ" ಎಂದ.

ಮರುದಿನ ಅವನು ಬರಲಿಲ್ಲ.

ಹೆಂಡತಿ ಗಂಗವ್ವನಿಗೆ ಹೇಳಿದೆ. ಅವಳು ಬೆಟಗೇರಿಯ ನೇಕಾರರ ಮಗಳು. ತಲೆ ಚಚ್ಚಿಕೊಂಡಳು. "ಗಂಟು ನೋಡಿ ಯಾರ್ದಂತ ನಮ್ಮ ತವರಮನ್ಯಾಗ ಕೂಸುಗಳೂ ಹೇಳತಾವ. ನನ್ನ ಒಂದ ಮಾತ ಕೇಳಿದ್ರ ನಿಮ್ಮ ಗಂಟೇನ ಹೋಗತಿತ್ತು?"

ಅದೇ ಸಂಜೆ ಹರಿದುಹಂಚಿದ ಕನ್ನಡ ನಾಡನ್ನೆಲ್ಲ ಒಂದುಗೂಡಿಸುವ ಸಭೆಯಲ್ಲಿ ನನ್ನ ಭಾಷಣವಿತ್ತು. ಇಬ್ಬರು ಗೆಳೆಯರನ್ನು ಅಗಲಿಸಿ ಬಂದ ಬಾಯಿಂದ ಏನು ಮಾತಾಡಲಿ? ಹೋಗಲಿಲ್ಲ.

ಬಿಲ್ಲೆಗಳೆಲ್ಲ ಹೋದವು. ಚಹಾ ಸಾವಕಾರರ ಮನೆಯಿಂದಲೇ ಬಿಸಿಬಿಸಿ ಬರತೊಡಗಿತು. ಸಾವಕಾರರು ದಿನಕ್ಕೆ ಒಂದು ತಾಸು ಹದಿನೇಳನೇ ಮಗ್ಗದಲ್ಲಿ ಕೂರತೊಡಗಿದರು, ಬಾಜೂಕ್ಕೆ ಅಜ್ಜನಿಲ್ಲದೆ. ಎಲ್ಲರೂ "ಕಾರಕೂನ್ರಿಂದ ಛಲೋ ಆತು" ಅಂದರು. ಆ ಮಾತು ಕೇಳಿದಾಗಲೆಲ್ಲ ನನಗೆ ನೆಲ ಬಿರಿದು ಒಳಗೆ ಹೋಗಬೇಕೆನ್ನಿಸುತ್ತಿತ್ತು.

ಅಜ್ಜನ ಮನೆಗೆ ನಾನು ಎರಡು ಸಲ, ಸಾವಕಾರರು ಎಷ್ಟೋ ಸಲ ಹೋದೆವು. ಅಜ್ಜ ಚಹಾ ಕೊಟ್ಟ, ನಕ್ಕ. "ಉಂಡ ಮನಿಗೆ ಕರಿ ದಾರ ಕಟ್ಟೀನ್ರಿ. ಹ್ಯಾಂಗ ಮುಖ ತೋರಿಸಲಿ?" ಎಂದ. ಅಷ್ಟೇ.

ಹಗ್ಗಗಳ ದಾರವನ್ನೆಲ್ಲ ಬಿಚ್ಚುವ ಕೆಲಸ ನನಗೇ ಬಿತ್ತು. ಎಲ್ಲ ಬಿಚ್ಚಿದೆ, ಅಜ್ಜನದೊಂದು ಬರಲಿಲ್ಲ. ಗಂಗವ್ವನ ಕೈಗೆ ಕೊಟ್ಟೆ. ಅವಳು ನೋಡಿ ಹಿಂದಕ್ಕೆ ಕೊಟ್ಟಳು. "ಇರ್ಲಿ ಬಿಡ್ರಿ. ಅಂವ ಬಂದಾಗ ಅಂವನ ಕೈಲೆ ಬಿಚ್ಚಿಸಿದ್ರಾತು."

ಆ ಹಗ್ಗ ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ. ಅಜ್ಜ ಬರಲಿಲ್ಲ. ನನ್ನ ನೌಕರಿ ಮಾತ್ರ ಉಳಿಯಿತು, ನನ್ನ ಗಂಟು ತಾನೇ ಬಿಚ್ಚಿ ಬಿದ್ದಿತ್ತಲ್ಲ!